ತಾತನ ಫೋಟೋದ ಹಾರ ತೆಗೆದವಳು

ಭಾನುವಾರ, ಸಂಜೆ ಏಳು ಗಂಟೆ. ಯಲ್ದೂರಿನ ನಮ್ಮ ಮನೆ. ಇವತ್ತು ಇಲ್ಲಿ ಹಾಜರಿದ್ದವರು ನಾನು, ನಮ್ಮ ಯಜಮಾನರು, ಲಕ್ಕೂರಿನ ಪವಿತ್ರ, ಮತ್ತು ಹಳೆಯ ಧಾರಾವಾಹಿಗಳ ತಪ್ಪು ಹುಡುಕಿ ವಿಡಿಯೋ ಮಾಡುವ ದೇವರಾಯಸಮುದ್ರದ ಕಿರಣ. ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಾತನ ಫೋಟೋದಿಂದ ಆ ಹಾರ ತೆಗೆದವಳು ನಾನು. ಅದರಿಂದ ಕೆಲಸ ಕಳೆದುಕೊಂಡವಳು ಪವಿತ್ರ. ನಡುವೆ ನಾನು ಆಡಿದ್ದು ಎರಡು ಮಾತು — ಒಂದು ಸುಳ್ಳು, ಇನ್ನೊಂದು ನಿಜ. ಹೆಚ್ಚು ಕೆಡುಕು ಮಾಡಿದ್ದು ಆ ನಿಜವೇ.

ಧಾರಾವಾಹಿಯ ಹೆಸರು ಬೇಡ. ನೋಡಿದವರಿಗೆ ಗೊತ್ತಾಗುತ್ತದೆ. ಒಂದು ಮನೆ, ಬಾಯಿಬಡುಕಿ ಅತ್ತೆ, ಮನೆ ಅಳಿಯ, ಮೊಮ್ಮಕ್ಕಳು — ದಿನಕ್ಕೊಂದು ಜಗಳ, ದಿನಕ್ಕೊಂದು ನಗು. ಅಳಿಯ ಏನು ಎಡವಟ್ಟು ಮಾಡಿದರೂ ಅತ್ತೆ ನೇರವಾಗಿ ಹಾಲ್‌ಗೆ ಬಂದು, ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡಿರುವ ಸತ್ತ ಗಂಡನ ಫೋಟೋ ಮುಂದೆ ನಿಂತು ದೂರು ಹೇಳುತ್ತಿದ್ದಳು. ಮೊಮ್ಮಕ್ಕಳ ಬಾಯಲ್ಲಿ ಆ ಫೋಟೋ 'ತಾತ'. ಒಂದು ಕಂತಿನಲ್ಲಿ ಅತ್ತೆ ಹೀಗೆ ದೂರು ಹೇಳುತ್ತಿರುವಾಗಲೇ ತಾತನ ಹಾರ ಮಾಯವಾಯಿತು, ಮತ್ತೆ ಬಂತು, ಮತ್ತೆ ಮಾಯವಾಯಿತು. ಒಂದೇ ಮಾತುಕತೆಯ ಒಳಗೆ. ಹೆಂಡತಿಯ ಬೈಗುಳ ತಡೆಯಲಾರದೆ ತಾತ ಎದ್ದು ಬಂದ, ಮತ್ತೆ ಹೆದರಿ ಸತ್ತ — ಹೀಗೆಲ್ಲ ಬರೆದು ಆ ತುಣುಕನ್ನು ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು. ನಿಮ್ಮಲ್ಲೂ ಕೆಲವರು ನಕ್ಕಿರಬಹುದು. ನಕ್ಕಿದ್ದು ತಪ್ಪಲ್ಲ.

ಆ ಹಾಲ್ ನಮ್ಮದು. ಆ ಫೋಟೋ ನಮ್ಮ ಯಜಮಾನರದು. ಅವರು ಇವತ್ತಿಗೂ ಚೆನ್ನಾಗಿದ್ದಾರೆ. ಈಗ ಹಿತ್ತಿಲಿನಲ್ಲಿ ನಲ್ಲಿ ನಿಲ್ಲಿಸುತ್ತಿದ್ದಾರೆ.

ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಊರಿನಲ್ಲಿ ಎಲ್ಲರಿಗೂ ಸಿಸ್ಟರಮ್ಮ. ಪಾಳಿ ಬದಲಾಗುವಾಗ ಹೋಗುವವಳು ಬರುವವಳಿಗೆ ಒಪ್ಪಿಸಬೇಕು: ಯಾವ ಹಾಸಿಗೆಯಲ್ಲಿ ಯಾರು, ಯಾವ ಔಷಧ ಕೊಟ್ಟಾಯಿತು, ಯಾವುದು ಬಾಕಿ. ಬರುವವಳು ಅದನ್ನು ನಂಬಿಯೇ ಕೆಲಸ ಶುರು ಮಾಡುತ್ತಾಳೆ. ಒಪ್ಪಿಸುವಾಗ ಸುಳ್ಳು ಹೇಳಿದ ಕಿರಿಯರನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದ್ದೇನೆ. ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ. ಮುಂದೆ ಬರುವುದನ್ನು ಓದುವಾಗ ನಿಮಗೆ ಇದು ತಿಳಿದಿರಬೇಕು.

ಧಾರಾವಾಹಿಯವರು ನಮ್ಮ ಮನೆಯನ್ನು ಕೇಳಿಕೊಂಡು ಬಂದಾಗ ನಮ್ಮವರಿಗೆ ಹಬ್ಬ. ಹಾಲ್, ಅಡುಗೆಮನೆ, ಅಂಗಳ ಅವರ ಪಾಲು. ಹಿಂದಿನ ಎರಡು ಕೋಣೆ ನಮ್ಮ ಪಾಲು. ಪರದೆಯ ಹಿಂದಿನ ಸಂಗತಿಗಳನ್ನು ಕಿರಣ ಕೇಳಿದ್ದಕ್ಕೆ ಒಂದಷ್ಟು ಹೇಳಿದೆ, ನಿಮಗೂ ಹೇಳುತ್ತೇನೆ. ಅತ್ತೆಯ ಪಾತ್ರದವರು ಅಳಿಯನ ಪಾತ್ರದವರಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಅಳಿಯ ಲೋಟಗಟ್ಟಲೆ ಕುಡಿಯುತ್ತಿದ್ದ ಕಾಫಿ ಕಾಫಿಯಲ್ಲ, ನಾನು ಕಾಸಿದ ರಾಗಿ ಅಂಬಲಿ. ಅಷ್ಟು ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ ಎಂದು ಅವರೇ ಕೇಳಿಕೊಂಡದ್ದು. ಕಥೆಯಲ್ಲಿ ಅದು ಬೆಂಗಳೂರಿನ ಮನೆ, ಆದ್ದರಿಂದ ಕಿಟಕಿಯಾಚೆ ಮಾವಿನ ತೋಟ ಕಾಣಬಾರದು. ಒಂದು ಬಿಳಿ ಪರದೆ ಕಟ್ಟುತ್ತಿದ್ದರು. ಗಾಳಿ ಬಂದರೆ ಪರದೆ ಹಾರಿ ತೋಟವೆಲ್ಲ ಬೆಂಗಳೂರಿಗೆ ಬಂದುಬಿಡುತ್ತಿತ್ತು.

ಇಂಥವನ್ನೆಲ್ಲ ಕಾಯುವ ಕೆಲಸ ಪವಿತ್ರಳದು. ಅಸಿಸ್ಟೆಂಟ್ ಡೈರೆಕ್ಟರ್ ಎಂದು ಹೆಸರು. ನಿಜವಾಗಿ ಅವಳು ನೋಡಿಕೊಳ್ಳುತ್ತಿದ್ದದ್ದು ಕಂಟಿನ್ಯುಟಿ. ಅಂದರೆ ಒಂದು ದೃಶ್ಯವನ್ನು ಇವತ್ತು ಅರ್ಧ, ನಾಳೆ ಅರ್ಧ ತೆಗೆದರೂ ನೋಡುವವರಿಗೆ ಒಂದೇ ಹೊತ್ತಿನಲ್ಲಿ ನಡೆದಂತೆ ಕಾಣಬೇಕು. ಲೋಟ ಇದ್ದಲ್ಲೇ ಇರಬೇಕು, ಸೆರಗು ಅದೇ ಹೆಗಲ ಮೇಲಿರಬೇಕು. ಸಂಜೆ ಕೆಲಸ ಮುಗಿದ ಮೇಲೆ ಅವಳು ಹಾಲ್‌ನ ಮೂಲೆಮೂಲೆಯ ಫೋಟೋ ಫೋನಿನಲ್ಲಿ ತೆಗೆದುಕೊಂಡು, ಯಾರೂ ಏನೂ ಮುಟ್ಟಬೇಡಿ ಎಂದು ಹೇಳಿ ಹೋಗುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಫೋನಿಗೂ ಗೋಡೆಗೂ ತಾಳೆ ನೋಡುತ್ತಿದ್ದಳು. ಲಕ್ಕೂರಿನ ಕಡೆ ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗಿ. ಆ ಮನೆಯಿಂದ ಈ ಕೆಲಸಕ್ಕೆ ಬಂದವಳು ಅವಳೊಬ್ಬಳೇ. ಒಂದು ವರ್ಷ ನೋಡು, ಆಗದಿದ್ದರೆ ಮಾಲೂರಿನ ಫ್ಯಾಕ್ಟರಿಗೆ ಸೇರು ಎಂದು ಅವಳ ಅಪ್ಪ ಗಡುವು ಕೊಟ್ಟಿದ್ದರಂತೆ.

ಒಮ್ಮೆ ಅಂಗಳದಲ್ಲಿ ಅತ್ತೆ ಅಳಿಯರ ಜಗಳ. ಅರ್ಧ ತೆಗೆದಾಗ ಹಿಂದಿನ ಕೊಂಬೆಯ ಮಾವಿನಕಾಯಿ ನಿಂಬೆಹಣ್ಣಿನಷ್ಟಿತ್ತು. ಉಳಿದರ್ಧ ತೆಗೆಯುವ ಹೊತ್ತಿಗೆ ವಾರಗಳು ಕಳೆದು ಕಾಯಿ ಮುಷ್ಟಿ ತುಂಬುವಷ್ಟಾಗಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ಪವಿತ್ರ ಓಡಿಹೋಗಿ ಕುರ್ಚಿ ತಿರುಗಿಸಿ ಮರವನ್ನು ಕ್ಯಾಮೆರಾದ ಬೆನ್ನಿಗೆ ಹಾಕಿದಳು. ಅವಳು ತಪ್ಪಿಸಿದ ತಪ್ಪುಗಳನ್ನು ನೀವು ಯಾರೂ ನೋಡಿಲ್ಲ. ಅವಳದಲ್ಲದ ಒಂದನ್ನು ನಾಡೆಲ್ಲ ನೋಡಿತು.

ಫೋಟೋ ವಿಷಯಕ್ಕೆ ಬರುತ್ತೇನೆ. ಸತ್ತ ತಾತನಿಗೆ ಒಂದು ಗತ್ತಿನ ಮುಖ ಬೇಕಿತ್ತು. ನಮ್ಮ ಹಾಲ್‌ನಲ್ಲಿ ಯಜಮಾನರ ಹಳೆಯ ಫೋಟೋ ಇತ್ತು — ಮದುವೆಯಾದ ಹೊಸದರಲ್ಲಿ ಶ್ರೀನಿವಾಸಪುರದ ಸ್ಟುಡಿಯೋದಲ್ಲಿ, ಸ್ಟುಡಿಯೋದವರದೇ ಕೋಟು ಹಾಕಿಕೊಂಡು ತೆಗೆಸಿದ್ದು. ಮೀಸೆ ಚೆನ್ನಾಗಿದೆ, ಇದೇ ಇರಲಿ ಎಂದರು ನಿರ್ದೇಶಕರು. ನಮ್ಮವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಹಾಕ್ಕೊಳ್ರಪ್ಪಾ. ಇಷ್ಟು ವರ್ಷ ಯಾರು ಹಾರ ಹಾಕಿದ್ರು ನಂಗೆ? ಇವಾಗಾದ್ರೂ ಬೀಳ್ಲಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏಮೇ ಸಿಸ್ಟರೂ, ಮುಖ ಯಾಕೆ ಹಂಗ್ ಮಾಡ್ಕೊಂಡಿದ್ದೀಯ? ಸತ್ತಿರೋದು ಅವ್ರ ತಾತ ಕಣೇ, ನಾನಲ್ಲ," ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲೇ ಬೇಡ ಎಂದಿದ್ದರೆ — ಆದರೆ ಹೇಳಲಿಲ್ಲ. ಜೀವ ಇರುವವರ ಫೋಟೋಗೆ ಹಾರ ಹಾಕಬಾರದು ಎಂದು ನಮ್ಮ ಕಡೆ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಅದು ಹುಟ್ಟುತ್ತಲೇ ಗೊತ್ತಿರುತ್ತದೆ. ನಾನೋ, ಎಷ್ಟು ದೇಹಗಳನ್ನು ನನ್ನ ಕೈಯಾರೆ ಒರೆಸಿ ಹೊದಿಸಿದವಳು. ಶವ ಮುಟ್ಟಲು ಅಂಜಿದ ಹುಡುಗಿಯರನ್ನು ಗದರಿದವಳು. ಅಂಥವಳು ಒಂದು ಗಂಧದ ಹಾರಕ್ಕೆ ಹೆದರಿದಳು ಎಂದು ಯಾರಿಗೂ ತಿಳಿಯಬಾರದಿತ್ತು. ಗಂಡನಿಗೂ ಕೂಡ.

ಹಾಗಾಗಿ ನನ್ನದೇ ಒಂದು ಕ್ರಮ ಮಾಡಿಕೊಂಡೆ. ಸಂಜೆ ಎಲ್ಲರೂ ಹೊರಟ ಮೇಲೆ, ದೀಪ ಹಚ್ಚುವ ಮುನ್ನ, ಸ್ಟೂಲ್ ಹತ್ತಿ ಹಾರ ತೆಗೆದು ಅಲಮಾರಿನೊಳಗಿಡುವುದು. ಬೆಳಿಗ್ಗೆ ಪವಿತ್ರ ಬರುವ ಮುನ್ನ ಮತ್ತೆ ಹಾಕುವುದು. ಹಗಲು ಪಾಳಿಯಲ್ಲಿ ಅವರು ಸತ್ತವರು, ರಾತ್ರಿ ಪಾಳಿಯಲ್ಲಿ ಬದುಕಿದವರು. ಒಂದು ದಿನವೂ ತಪ್ಪಲಿಲ್ಲ. ತಪ್ಪಲಿಲ್ಲ ಎಂದು ಹೆಮ್ಮೆಯೂ ಇತ್ತು — ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಆ ದಿನದ ಬೆಳಿಗ್ಗೆ ನಮ್ಮವರನ್ನು ಕೋಲಾರಕ್ಕೆ ಕರೆದೊಯ್ಯಬೇಕಿತ್ತು. ಕೆಲವು ದಿನಗಳಿಂದ ತೋಟದಲ್ಲಿ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದುಕೊಳ್ಳುತ್ತಿತ್ತು. ಹೃದಯದ ರಕ್ತನಾಳ ನೋಡುವ ಪರೀಕ್ಷೆ ಮಾಡೋಣ ಎಂದಿದ್ದರು ಡಾಕ್ಟರು. ಅವರು ಸ್ನಾನಕ್ಕೆ ಹೋದಾಗ ನಾನು ಹಾರ ಹಿಡಿದು ಸ್ಟೂಲ್ ಹತ್ತಿದೆ. ಕೈ ಮೇಲೆ ಹೋಗಲಿಲ್ಲ. ಇವತ್ತು — ಇವತ್ತೇ ನಾನು ಇವರ ಫೋಟೋಗೆ — ಆಗಲಿಲ್ಲ. ಇಳಿದು ಹಾರವನ್ನು ಅಲಮಾರಿನೊಳಗೆ ಹಾಕಿ ಬಾಗಿಲು ಮುಚ್ಚಿದೆ.

ಕಾರು ಬಂದಿತ್ತು. ಗೇಟಿನ ಹತ್ತಿರ ಪವಿತ್ರ ಎದುರಾದಳು. ಹಿಂದಿನ ಸಂಜೆ ಅತ್ತೆ ಫೋಟೋದೊಂದಿಗೆ ಮಾತಾಡುವ ದೃಶ್ಯ ಅರ್ಧಕ್ಕೆ ನಿಂತಿತ್ತು. ಬಂದ ತಕ್ಷಣ ಅದೇ ಶುರು, ಕಿಟಕಿಯ ಬಿಸಿಲು ಸರಿಯುವ ಮೊದಲು ಮುಗಿಸಬೇಕು ಎಂದು ನಿರ್ದೇಶಕರು ಅವಸರ ಮಾಡಿದ್ದರಂತೆ. ಯಜಮಾನರಿಗೆ ಏನೂ ಆಗಲ್ಲ, ಧೈರ್ಯವಾಗಿರಿ ಎಂದು ಮೊದಲು ನನ್ನ ಕೈ ಹಿಡಿದಳು. ಆಮೇಲೆ ಕೇಳಿದಳು:

"ಸಿಸ್ಟರಮ್ಮ, ಹಾಲ್‌ನಲ್ಲಿ ಏನೂ ಮುಟ್ಟಿಲ್ಲ ತಾನೆ?"

"ಇಲ್ಲಮ್ಮ. ನಿನ್ನೆ ಇದ್ದಂಗೇ ಇದೆ."

ಅಷ್ಟೇ. ಅವಳು ಅದನ್ನು ನಂಬಿದಳು.

ಪರೀಕ್ಷೆಯಲ್ಲಿ ದೊಡ್ಡ ತೊಂದರೆ ಏನೂ ಕಾಣಲಿಲ್ಲ. ಮಾತ್ರೆ ಸಾಕು ಎಂದರು. ಮಧ್ಯಾಹ್ನ ಸ್ವಲ್ಪ ಇಳಿದ ಮೇಲೆ ನಿಧಾನವಾಗಿ ಕಾರಿನಲ್ಲಿ ಕರೆತಂದೆ. ಎಲ್ಲರೂ ತೋಟದಲ್ಲಿ ಊಟಕ್ಕೆ ಕೂತಿದ್ದರು. ಹಾಲ್ ಖಾಲಿ. ಗೋಡೆಯ ಮೇಲೆ ನಮ್ಮವರ ಮುಖ ಬರಿದಾಗಿ, ಆರಾಮಾಗಿ ಇತ್ತು. ಬೆಳಗಿನಿಂದ ಅದರ ಮುಂದೆಯೇ ದೃಶ್ಯ ತೆಗೆದಿದ್ದಾರೆ, ಯಾರೂ ಗಮನಿಸಿಲ್ಲ ಎಂದು ಆ ಕ್ಷಣವೇ ತಿಳಿಯಿತು. ಆಗ ಹೇಳಿದ್ದರೆ ಮತ್ತೆ ತೆಗೆಯುತ್ತಿದ್ದರು. ಕಲಾವಿದರು ಅಲ್ಲೇ ಇದ್ದರು, ಸೀರೆ ಬದಲಾಗಿರಲಿಲ್ಲ. ನಾನು ಮಾಡಿದ್ದೇನು? ಸ್ಟೂಲ್ ತಂದು ಹಾರ ಹಾಕಿದೆ. ಊಟದ ನಂತರ ಉಳಿದದ್ದನ್ನು ಹಾರದೊಂದಿಗೆ ತೆಗೆದರು, ಆಮೇಲೆ ತುಣುಕುಗಳನ್ನು ಹಿಂದುಮುಂದಾಗಿ ಜೋಡಿಸಿದರು.

ಹಿತ್ತಿಲ ಬಾಗಿಲಿಗೆ ಬಂದಾಗ ಪವಿತ್ರ ತಟ್ಟೆ ಹಿಡಿದು ನಿಂತಿದ್ದಳು. ದೂರದಿಂದಲೇ ಸನ್ನೆಯಲ್ಲಿ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದು ಸನ್ನೆ ಮಾಡಿದೆ. ಅವಳ ಮುಖ ಅರಳಿತು. ಆ ಮುಖ ನನಗೆ ಮರೆತಿಲ್ಲ.

ಆ ಕಂತು ಪ್ರಸಾರವಾದ ಮಾರನೇ ದಿನ ನಿರ್ದೇಶಕರು ಹಾಲ್‌ನ ನಡುವೆ ನಿಂತು ಕೂಗಾಡಿದರು. ಪವಿತ್ರ ಹಿಂದಿನ ಸಂಜೆ ತೆಗೆದ ಫೋಟೋ ತೋರಿಸಿದಳು, ಹಾರ ಇತ್ತು. ಹಾಗಾದರೆ ಬೆಳಿಗ್ಗೆ ಯಾಕೆ ನೋಡಲಿಲ್ಲ ಎಂದು ಅವರು ಕೇಳಿದರು. ಏನೂ ಮುಟ್ಟಿಲ್ಲ ಎಂದು ಸಿಸ್ಟರಮ್ಮ ಹೇಳಿದ್ದರು ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ಏನಮ್ಮ?" ಎಂದರು ನಿರ್ದೇಶಕರು.

"ಆವತ್ತು ನೀವು ಶುರು ಮಾಡ್ದಾಗ ನಾನು ಊರಲ್ಲೇ ಇರ್ಲಿಲ್ಲವಲ್ಲ," ಎಂದೆ.

ನಿಜ. ಕೋಲಾರದಲ್ಲಿದ್ದೆ. ಎಲ್ಲರಿಗೂ ಗೊತ್ತಿತ್ತು, ಯಾಕೆ ಹೋಗಿದ್ದೆ ಎಂಬುದೂ ಗೊತ್ತಿತ್ತು. ಗಂಡನಿಗೆ ಹುಷಾರಿಲ್ಲದ ವಯಸ್ಸಾದ ಹೆಂಗಸಿನ ಮೇಲೆ ತಪ್ಪು ಹೊರಿಸುತ್ತಿದ್ದಾಳಲ್ಲ ಎಂಬಂತೆ ಅವಳನ್ನು ನೋಡಿದರು. ಪವಿತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಪ್ಪು ತನ್ನದೇ, ಇನ್ನೊಮ್ಮೆ ನೋಡಬೇಕಿತ್ತು ಎಂದಳು. ಸಂಜೆ ಬಸ್ಸಿಗೆ ಹೊರಟುಹೋದಳು. ಹೊಸ ಹುಡುಗ ಬಂದ. ಸ್ವಲ್ಪ ದಿನಕ್ಕೆ ಚಿತ್ರೀಕರಣ ಬೆಂಗಳೂರಿಗೆ ಹೋಯಿತು, ಧಾರಾವಾಹಿಯೂ ಮುಗಿಯಿತು.

ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ? ಮೊದಮೊದಲು, ಅವಳಿಗೆ ಬೇರೆ ಕೆಲಸ ಸಿಕ್ಕಿರುತ್ತದೆ ಎಂದುಕೊಂಡೆ. ಆಮೇಲೆ, ಈಗ ಹೇಳಿ ಏನು ಪ್ರಯೋಜನ ಎಂದುಕೊಂಡೆ. ಒಂದೊಂದು ವರ್ಷಕ್ಕೆ ಒಂದೊಂದು ನೆಪ.

ಹೋದ ಗುರುವಾರ ಕಿರಣ ಬಂದ. ಫೋನಿನಲ್ಲಿ ಗೋಡೆಯ ಫೋಟೋ ತೆಗೆದುಕೊಂಡು, ತಾತನ ಹಾರದ ಕಥೆಯನ್ನು ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ ಎಂದ. ಏನು ಕಥೆ ಎಂದೆ. ಕಂಟಿನ್ಯುಟಿ ಹುಡುಗಿ ಯಾರದೋ ಜೊತೆ ಫೋನಿನಲ್ಲಿ ಮಾತಾಡುತ್ತಾ ಮೈಮರೆತಿದ್ದಳು, ಧಾರಾವಾಹಿ ಲೈನಿನವರೆಲ್ಲ ಹಾಗೇ ಹೇಳುವುದು ಎಂದ. ಅವಳೀಗ ಮಾಲೂರಿನಲ್ಲಿ ಮದುವೆ ವಿಡಿಯೋ ಜೋಡಿಸುತ್ತಾಳಂತೆ. ಕೋಲಾರದಲ್ಲಿ ಶುರುವಾಗಲಿರುವ ಒಂದು ಹೊಸ ಹಾಸ್ಯ ಧಾರಾವಾಹಿಗೆ ಕೆಲಸ ಕೇಳಿದ್ದಳಂತೆ, 'ಹಾರದ ಹುಡುಗಿನಾ?' ಎಂದು ನಕ್ಕು ಕಳಿಸಿದರಂತೆ. ಅವಳಿಗೆ ಫೋನ್ ಮಾಡಿ ಕೇಳಿದೆಯಾ ಎಂದೆ. ಕೇಳಿದೆ, ತಪ್ಪು ತನ್ನದೇ ಎಂದು ಇಟ್ಟುಬಿಟ್ಟಳು ಎಂದ.

ಅವನಿಗೆ ಮಜ್ಜಿಗೆ ಕೊಟ್ಟು, ಭಾನುವಾರದವರೆಗೆ ವಿಡಿಯೋ ಹಾಕಬೇಡ ಎಂದು ಹೇಳಿ, ಅವಳ ನಂಬರ್ ಬರೆಸಿಕೊಂಡೆ. ಆಮೇಲೆ ನಮ್ಮವರನ್ನು ಕೂರಿಸಿ ಎಲ್ಲ ಹೇಳಿದೆ — ಸ್ಟೂಲ್, ಅಲಮಾರು, ಗೇಟಿನ ಮಾತು. ಅವರು ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ.

"ಆ ಹುಡುಗೀಗ್ ಹೇಳ್ದ್ಯಾ?"

"ಇನ್ನೂ ಇಲ್ಲ ರೀ."

"ಮತ್ತೆ ನಂಗ್ಯಾಕೆ ಮೊದ್ಲು ಹೇಳ್ತಿದ್ದೀಯ? ನಂದೇನ್ ಹೋಗಿದೆ? ಫೋನ್ ಮಾಡು."

ಅವರ ಎದುರಿಗೇ ಮಾಡಿದೆ. ಹೆಸರು ಹೇಳಿದೆ. ಆ ಕಡೆ ಮದುವೆಯ ಓಲಗ ಕೇಳಿಸುತ್ತಿತ್ತು, ಕಂಪ್ಯೂಟರಿನಲ್ಲಿ ಇರಬೇಕು, ನಿಲ್ಲಿಸಿದಳು. ನಾನು ಒಪ್ಪಿಸಬೇಕಾದುದನ್ನು ಒಪ್ಪಿಸಿದೆ, ಮೊದಲಿನಿಂದ ಕೊನೆಯವರೆಗೆ.

"ಬಾಗಿಲಲ್ಲಿ ನೀವು ಆ ಮಾತು ಹೇಳ್ದಾಗ ಗೊತ್ತಾಯ್ತು ಸಿಸ್ಟರಮ್ಮ," ಎಂದಳು. "ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ. ಹಾರ ಹಾಕೋದು ಇಷ್ಟ ಇಲ್ಲ ಅಂತ ಒಂದ್ ಮಾತು ಅಂದಿದ್ರೆ ಬೇರೆ ಯಾರ್ದೋ ಫೋಟೋ ತರಿಸ್ತಿದ್ದೆ. ಅದೇನ್ ದೊಡ್ಡ ಕೆಲ್ಸ?"

ಅಷ್ಟು ಸಣ್ಣ ಮಾತು. ಕ್ಯಾಮೆರಾ ಮುಂದೆ ಇದನ್ನೇ ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಹಾಗಾದರೆ ತಾನೇ ಬಂದು ನಿಲ್ಲುತ್ತೇನೆ, ಕಿರಣ ಒಬ್ಬನಿಗೇ ಬಿಡುವುದಿಲ್ಲ ಎಂದಳು.

ಇವತ್ತು ಬೆಳಿಗ್ಗೆ ಬಂದಳು. ಮೊದಲಿಗಿಂತ ಸ್ವಲ್ಪ ಸೊರಗಿದ್ದಾಳೆ, ಮಾತು ಮಾತ್ರ ಹಾಗೇ ಚುರುಕು. ನಮ್ಮವರ ಆರೋಗ್ಯ ವಿಚಾರಿಸಿದಳು. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕಿರಣನಿಗೆ ಫೋನ್ ಎಲ್ಲಿ ಹಿಡಿಯಬೇಕೆಂದು ತೋರಿಸಿದಳು. ನಾನು ಶುರು ಮಾಡಿದೆ: ಯಜಮಾನರಿಗೆ ಎದೆನೋವು, ಕೋಲಾರ, ಪರೀಕ್ಷೆ —

"ನಿಲ್ಸಿ," ಎಂದಳು ಪವಿತ್ರ. "ಆಸ್ಪತ್ರೆ ವಿಷ್ಯ ಬಿಟ್ಬಿಡಿ ಸಿಸ್ಟರಮ್ಮ. ಅದನ್ನ ಹೇಳಿದ್ರೆ ನೋಡೋರೆಲ್ಲ ನಿಮ್ಮನ್ನೇ ಪಾಪ ಅಂತಾರೆ. ನನ್ ಪಾಡು ಮತ್ತೆ ಹಂಗೇ."

ಸರಿಯಾದ ಮಾತು. ನಾನು ನಿಜ ಹೇಳಿಯೇ ಮತ್ತೆ ಅದೇ ದಾರಿ ಹಿಡಿದಿದ್ದೆ. ಬರೆಯುವಾಗ ಎಲ್ಲವನ್ನೂ ಬರೆಯಿರಿ, ವಿಡಿಯೋದಲ್ಲಿ ಹಾರ ತೆಗೆದದ್ದು ಯಾರು, ಸುಳ್ಳು ಹೇಳಿದ್ದು ಯಾರು, ಕೆಲಸ ಹೋದದ್ದು ಯಾರದು ಅಷ್ಟು ಸಾಕು ಎಂದಳು. ಎರಡನೇ ಸಲ ಹಾಗೇ ಹೇಳಿದೆ. ಅರ್ಧದಲ್ಲಿ ಕಣ್ಣು ಒರೆಸಿಕೊಳ್ಳಲು ನಿಂತೆ. ಮತ್ತೆ ಶುರು ಮಾಡಲು ಹೊರಟಾಗ ಅವಳು ಕೈ ಎತ್ತಿದಳು. "ಕನ್ನಡಕ ಹಾಕ್ಕೊಂಡಿದ್ರಿ. ಹಾಕ್ಕೊಳ್ಳಿ. ಇಲ್ಲಾಂದ್ರೆ ಇದ್ರಲ್ಲೂ ತಪ್ಪು ಹುಡುಕ್ತಾರೆ ಜನ." ನಮ್ಮವರು ನಕ್ಕುಬಿಟ್ಟರು. ಅವಳೂ ನಕ್ಕಳು.

ಊಟವಾದ ಮೇಲೆ ಕೋಲಾರದ ಆ ಹೊಸ ನಿರ್ದೇಶಕರ ನಂಬರ್ ಕೇಳಿದೆ. ಶಿಫಾರಸು ಬೇಡ ಎಂದಳು. ಶಿಫಾರಸು ಮಾಡುವುದಿಲ್ಲ, ನಡೆದದ್ದನ್ನಷ್ಟೇ ಒಪ್ಪಿಸುತ್ತೇನೆ ಎಂದೆ. ಫೋನ್ ಮಾಡಿದಾಗ ಅವರು ಪೂರ್ತಿ ಕೇಳಿಸಿಕೊಂಡರು. ಇಷ್ಟು ವರ್ಷವಾದ ಮೇಲೆ ಈಗ ಯಾಕೆ ಹೇಳುತ್ತಿದ್ದೀರಿ ಎಂದರು. ಆಗ ಹೇಳದೆ ಹೋದೆ, ಅದಕ್ಕೇ ಎಂದೆ. ಬುಧವಾರ ಬಂದು ಕಾಣಲಿ, ಮಾತು ಕೊಡುವುದಿಲ್ಲ, ಕೆಲಸ ನೋಡುತ್ತೇನೆ ಎಂದರು. ಅದನ್ನು ಹೇಳಿದಾಗ ಪವಿತ್ರ ತಲೆ ಆಡಿಸಿದಳು. ಆಗಲೇ ಕಿರಣನ ಹತ್ತಿರ ಆ ಹೊಸ ಧಾರಾವಾಹಿಗೆ ಕ್ಯಾಮೆರಾ ಯಾರದು, ಎಷ್ಟು ಜನ ಅಸಿಸ್ಟೆಂಟ್‌ಗಳಿದ್ದಾರೆ ಎಂದು ವಿಚಾರಿಸತೊಡಗಿದ್ದಳು.

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ; ಕೇಳಿದ್ದರೆ ಅವಳ ಮೇಲೆ ಇನ್ನೊಂದು ಹೊರೆ. ಗೇಟು ದಾಟುವಾಗ, ಬುಧವಾರ ಏನಾಯಿತೆಂದು ಫೋನ್ ಮಾಡುತ್ತೇನೆ ಎಂದಳು. ಆಗದೆ ಹೋದರೂ ಮಾಡಬೇಕು ಎಂದೆ. ಆಗದೆ ಹೋದರೆ ಮುಂದಿನವರಿಗೂ ನಾನೇ ಹೇಳುತ್ತೇನೆ, ಅದರ ಮುಂದಿನವರಿಗೂ.

ಇಷ್ಟು ಬರೆಯುವ ಹೊತ್ತಿಗೆ ಕಿರಣನ ಫೋನ್ ಬಂತು. ವಿಡಿಯೋ ಸಿದ್ಧವಾಗಿದೆ, 'ತಾತನ ಹಾರದ ಭಯಂಕರ ರಹಸ್ಯ' ಎಂದು ಹೆಸರಿಟ್ಟಿದ್ದೇನೆ ಎಂದ. ಬೇಡ ಎಂದೆ. 'ಹಾರ ತೆಗೆದದ್ದು ಸಿಸ್ಟರಮ್ಮ, ಪವಿತ್ರ ಅಲ್ಲ' ಎಂದು ಹಾಕು ಎಂದೆ. ಹೆಸರಲ್ಲೇ ಎಲ್ಲ ಹೇಳಿದರೆ ಒಳಗೆ ಬಂದು ಯಾರು ನೋಡುತ್ತಾರೆ ಅಜ್ಜಿ ಎಂದು ಗೊಣಗಿದ. ಒಳಗೆ ಬರದವರಿಗೂ ತಿಳಿಯಲಿ ಎಂದೆ. ಬದಲಾಯಿಸಿ ಹಾಕಿದ. ತೆರೆದು ಪೂರ್ತಿ ನೋಡಿದೆ. ಸರಿಯಾಗಿದೆ.